ಮಕ್ಕಳ ಮನೋವೇದನೆ ಮತ್ತು ಮೊಬೈಲ್ ಆ್ಯಪ್

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರದ ಹೆತ್ತವರನ್ನುದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಕಾಲೇಜು ವಿದ್ಯಾರ್ಥಿಗಳ ಮನೋವೇದನೆಗೆ ಈಗ ಮೊಬೈಲಿನಲ್ಲೇ ನೆರವು ದೊರೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಖಿನ್ನತೆಗಾಗಿ 'ಪುಶ್-ಡಿ' ಎಂಬ ಸ್ವಸಹಾಯ ಆ್ಯಪ್ ರೂಪಿಸಿದ್ದಾರೆ. ಇಂತಹ ಆ್ಯಪ್‌ಗಳಲ್ಲಿ ಎದುರಿಗೆ ವೈದ್ಯರಿರುವುದಿಲ್ಲ. ತನ್ನನ್ನು ಕುಗ್ಗಿಸುವ ಯೋಚನೆಯನ್ನು ಬರೆದು, ಅದು ಎಷ್ಟರ ಮಟ್ಟಿಗೆ ನಿಜವೆಂದು ವಿದ್ಯಾರ್ಥಿಯೇ ಪರೀಕ್ಷಿಸಬೇಕು. ಕೈಬಿಟ್ಟ ಸಣ್ಣಪುಟ್ಟ ಕೆಲಸಗಳನ್ನು ಮರಳಿ ಆರಂಭಿಸಬೇಕು. 'ಹುಚ್ಚು' ಎಂಬ ಹಣೆಪಟ್ಟಿಗೆ ಹೆದರುವ ನಮ್ಮ ಸಣ್ಣ ಊರುಗಳಲ್ಲಿ ಈ ಗೌಪ್ಯತೆ ದೊಡ್ಡ ಅನುಕೂಲ. ಆದರೆ ಜತೆಗಿದ್ದು ವಿಚಾರಿಸುವವರಿಲ್ಲದಿದ್ದರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ವಿಚಾರಿಸಬೇಕಾದವರು ನಾವು.

ನಾವಾದರೋ, ಮಗಳು ಮಂಕಾದರೆ "ಈಮಾನ್ ಕಡಿಮೆಯಾಗಿದೆ, ನಮಾಝ್ ಮಾಡು" ಎಂದು ಹೇಳಿ ಮುಗಿಸುತ್ತೇವೆ. ನಮಾಝ್ ಮನಸ್ಸಿಗೆ ಆಸರೆ, ನಿಸ್ಸಂಶಯ. ಆದರೆ ಪುತ್ರನ ಅಗಲಿಕೆಯ ದುಃಖದಲ್ಲಿ ದೃಷ್ಟಿಯನ್ನೇ ಕಳೆದುಕೊಂಡ ಪ್ರವಾದಿ ಯಾಕೂಬ್(ಅ)ರ ಈಮಾನನ್ನು ಯಾರು ಪ್ರಶ್ನಿಸಿಯಾರು? ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖೀ, ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಕುರಿತೂ ಒಂದೇ ಗ್ರಂಥದಲ್ಲಿ ಬರೆದರು. ಆ ಪರಂಪರೆಯ ವಾರಸುದಾರರಾದ ನಾವು ಮಗಳಿಗೆ ಸಂಬಂಧ ಕೂಡಿಬರದೆಂದು ವೈದ್ಯರ ಚೀಟಿಯನ್ನು ಅಡಗಿಸಿಡುತ್ತೇವೆ!

2022ರ ಜನವರಿಯಲ್ಲಿ ಕೊಪ್ಪ ತಾಲೂಕಿನ ಬಾಳಗಡಿಯ ಸರಕಾರಿ ಕಾಲೇಜಿನಲ್ಲಿ ಹಿಜಾಬನ್ನು ವಿರೋಧಿಸಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹೊದ್ದು ಬಂದುದನ್ನು ನೀವು ಮರೆತಿರಲಾರಿರಿ. ತರಗತಿಗೆ ಹೋಗುವುದೇ ಪರೀಕ್ಷೆಯಾದ ಹುಡುಗಿಗೆ ಆ್ಯಪ್ ಉಸಿರಾಟದ ಅಭ್ಯಾಸ ಕಲಿಸಿದರೆ ಎದೆಬಡಿತ ಇಳಿಯಬಹುದು, ಅನ್ಯಾಯ ಇಳಿಯದು. ಆಳುವವರು ಆ್ಯಪ್ ಶಿಫಾರಸು ಮಾಡಿ ಕೈತೊಳೆದುಕೊಳ್ಳುವಂತಿಲ್ಲ.

ಊಟ-ನಿದ್ದೆ ಬಿಟ್ಟ, ಸಾವಿನ ಮಾತಾಡುವ ಮಕ್ಕಳಿಗಂತೂ ಆ್ಯಪ್ ಸಾಲದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಲೆನಾಡಿನ ಮಳೆಗೆ ಇಂಟರ್‌ನೆಟ್ ಕೈಕೊಟ್ಟರೂ ಸಾದಾ ಫೋನ್ ಸಾಕು. ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸು ಬಿದ್ದೀತೆಂದು ವಿಷಯವನ್ನು ಮುಚ್ಚಿಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಅವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ, ಆರೈಕೆಯ ಹೊಣೆಯನ್ನು ಸರಕಾರಕ್ಕೆ ವಹಿಸಿದೆ.

ಜಮಾಅತ್ ಕಮಿಟಿಯವರಲ್ಲಿ ಒಂದು ವಿನಂತಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಿ, ಜುಮಾ ನಮಾಝ್‌ನ ಬಳಿಕ ಮಾಡುವ ಪ್ರಕಟಣೆಗಳಲ್ಲಿ ಅದನ್ನೂ ಸೇರಿಸಿ.