ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಕಾರ್ಯಕಾರಿ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಹಲಗೆಯೊಂದು ಇರುವುದನ್ನು ತಾವೆಲ್ಲರೂ ಬಲ್ಲಿರಿ. ಆ ಹಲಗೆಯ ನಿಮಿತ್ತವಾಗಿ ನಮ್ಮಿಂದ ನಡೆದ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು, ಆಮೇಲೆ ಈ ಸಂಜೆಯ ವಿಷಯಕ್ಕೆ ಬರುತ್ತೇವೆ.

ನಮ್ಮ ಸದಸ್ಯರೊಬ್ಬರು ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. ವಾರದ ರಜೆಯ ದಿನ ಮಗನನ್ನು ಕರೆದುಕೊಂಡು ಇಲ್ಲಿಗೆ ಬರುತ್ತಿದ್ದರು. ಹುಡುಗನಿಗೆ ಹದಿನಾರು ವರ್ಷ. ಬುದ್ಧಿಯ ಬೆಳವಣಿಗೆ ಮಾತ್ರ ವಯಸ್ಸಿಗೆ ತಕ್ಕಂತೆ ಆಗಿಲ್ಲ. ಪತ್ರಿಕೆಯ ಚಿತ್ರಗಳೆಂದರೆ ಅವನಿಗೆ ಬಹಳ ಸಂತೋಷ. ಸಂತೋಷವಾದರೆ ಗಟ್ಟಿಯಾಗಿ ದನಿ ತೆಗೆಯುತ್ತಾನೆ. ಒಂದು ದಿನ ನಮ್ಮಲ್ಲೊಬ್ಬರು, "ಹುಡುಗನನ್ನು ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ ಮಾರಾಯ್ರೆ, ಓದುವವರಿಗೆ ತೊಂದರೆ" ಎಂದುಬಿಟ್ಟರು. ಅವರು ಮರುಮಾತಾಡಲಿಲ್ಲ. ಮಗನ ಕೈ ಹಿಡಿದು ಎದ್ದು ಹೋದರು. ನಾಲ್ಕು ತಿಂಗಳು ಈ ಕಡೆ ಸುಳಿಯಲಿಲ್ಲ.

ಮನಸ್ಸಿಗೆ ಚುಚ್ಚಿ ನಾವು ಮೂವರು ಚಾಳಿನ ಅವರ ಖೋಲಿಗೆ ಹೋದೆವು. ಅವರು ಚಾ ಕೊಟ್ಟು ಹೇಳಿದ ಮಾತು ಇದು: "ನಿಮ್ಮ ಮೇಲೆ ಬೇಸರ ಏನೂ ಇಲ್ಲ. ಇವನು ಹೋಗುತ್ತಿದ್ದ ಶಾಲೆ ಮುಚ್ಚುವ ಹಾಗೆ ಕಾಣುತ್ತದೆ. ಇಬ್ಬರು ಟೀಚರು ಬಿಟ್ಟು ಹೋದರು. ಈಗ ಅರ್ಧ ದಿನ ಮಾತ್ರ. ಉಳಿದರ್ಧ ದಿನ ಇವನನ್ನು ಯಾರು ನೋಡಿಕೊಳ್ಳುವುದು? ಇವನ ತಾಯಿ ಕೆಲಸ ಬಿಟ್ಟಳು." ನಾವು ಕ್ಷಮೆ ಕೇಳಲು ಹೋದವರು, ಈ ಪ್ರಶ್ನೆಯನ್ನು ಹೊತ್ತುಕೊಂಡು ಹಿಂದಿರುಗಿದೆವು.

ಬಂಧುಗಳೇ, ಇಂತಹ ಮಕ್ಕಳು ಎಲ್ಲೋ ಒಬ್ಬರು ಇಬ್ಬರು ಎಂದು ತಿಳಿಯಬಾರದು. 2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರ ಸಂಖ್ಯೆ 2 ಕೋಟಿ 68 ಲಕ್ಷ. ಅವರಲ್ಲಿ ಬುದ್ಧಿಮಾಂದ್ಯರೆಂದು ಬರೆಸಿದವರು 15 ಲಕ್ಷ. ಈಗ ಕಾಯಿದೆಯು 'ಬೌದ್ಧಿಕ ವಿಕಲತೆ' ಎನ್ನುತ್ತದೆ. ನಾವೂ ಅದೇ ಮಾತನ್ನು ಬಳಸೋಣ. ಇದು ಹುಚ್ಚಲ್ಲ, ಮದ್ದು ಕೊಟ್ಟರೆ ಹೋಗುವ ರೋಗವೂ ಅಲ್ಲ, ಪೂರ್ವಜನ್ಮದ ಪಾಪವಂತೂ ಮೊದಲೇ ಅಲ್ಲ. ಕಲಿಯುವ ಶಕ್ತಿ ಇವರಿಗೂ ಉಂಟು. ಆದರೆ ಕಲಿಸುವ ರೀತಿ ಬೇರೆ, ಹಿಡಿಯುವ ಕಾಲ ಬೇರೆ.

ನಾವು ಆ ಶಾಲೆಗೂ ಹೋಗಿ ಕುಳಿತು ನೋಡಿದೆವು. ಅಂಗಿಯ ಗುಂಡಿ ಹಾಕುವ ಪಾಠ ನಡೆದಿತ್ತು. ನಮಗೆ ಅದು ಒಂದು ಕ್ಷಣದ ಕೆಲಸ. ಅಲ್ಲಿ ಅದನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸುತ್ತಾರೆ: ಹೆಬ್ಬೆರಳು ತೋರುಬೆರಳಿನಲ್ಲಿ ಗುಂಡಿ ಹಿಡಿಯುವುದು, ತೂತನ್ನು ಹುಡುಕುವುದು, ಅರ್ಧ ತೂರಿಸುವುದು, ಆ ಕಡೆಯಿಂದ ಎಳೆಯುವುದು. ಎಷ್ಟೋ ಸಲ ಕೊನೆಯ ಹೆಜ್ಜೆಯನ್ನೇ ಮೊದಲು ಕಲಿಸುತ್ತಾರಂತೆ. ಏಕೆಂದರೆ ಕೆಲಸ ಮುಗಿಸಿದ ಸಂತೋಷ ಮಗುವಿಗೆ ಮೊದಲ ದಿನವೇ ಸಿಗಬೇಕು. ಪ್ರತಿದಿನ ಎಷ್ಟು ಆಯಿತೆಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಆ ಟೀಚರಮ್ಮ ಒಬ್ಬ ಹುಡುಗನಿಗೆ ಇದನ್ನು ಕಲಿಸಲು ನಾಲ್ಕು ತಿಂಗಳು ತೆಗೆದುಕೊಂಡರು. ನಡುವೆ ಟೀಚರು ಬದಲಾದರೆ ಮಗು ಎಷ್ಟು ಹೆಜ್ಜೆ ಹಿಂದೆ ಹೋಗುತ್ತದೆಂಬುದನ್ನು ತಾವೇ ಊಹಿಸಿರಿ.

ಈ ಕೆಲಸ ನಮ್ಮ ದೇಶದಲ್ಲಿ ಹೇಗೆ ಹುಟ್ಟಿತು? ಬಹುಮಟ್ಟಿಗೆ ತಂದೆತಾಯಿಗಳ ಕಣ್ಣೀರಿನಿಂದ. ಇದೇ ಮುಂಬಯಿಯಲ್ಲಿ, ಶಿವಡಿಯ ಜೈ ವಕೀಲ್ ಶಾಲೆ 1944ರಲ್ಲಿ ಆರಂಭವಾದುದು ತಮ್ಮ ಮಗಳಿಗೆ ತಕ್ಕ ಶಾಲೆ ಸಿಕ್ಕದೆ ಹೋದ ತಂದೆತಾಯಿಗಳಿಂದ. ಸರ್ಕಾರ ಬಂದದ್ದು ಬಹಳ ನಿಧಾನವಾಗಿ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 1984ರಲ್ಲಿ ಸ್ಥಾಪನೆಯಾಯಿತು. ವಿಶೇಷ ಶಿಕ್ಷಕರ ತರಬೇತಿಗೆ ಮಟ್ಟ ಹಾಕಿಕೊಟ್ಟ ಪುನರ್ವಸತಿ ಮಂಡಳಿಯ ಕಾಯಿದೆ 1992ರದು. 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆಯಾಗಿ, ಕೇಂದ್ರ ಸರ್ಕಾರ ಅದಕ್ಕೆ 100 ಕೋಟಿ ರೂಪಾಯಿಗಳ ಮೂಲಧನ ಕೊಟ್ಟಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ, ಈ ನಾಲ್ಕಕ್ಕೂ ಅದು ಸಂಬಂಧಿಸಿದ್ದು. 2007ರಲ್ಲಿ ಭಾರತವು ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಸ್ಥಿರಪಡಿಸಿತು. ಅದರ ಫಲವಾಗಿ ಬಂದುದೇ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ; 2017ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಹಿಂದಿನ 1995ರ ಕಾಯಿದೆಯಲ್ಲಿ ಏಳು ಬಗೆಯ ವಿಕಲತೆಗಳಿದ್ದರೆ ಇದರಲ್ಲಿ ಇಪ್ಪತ್ತೊಂದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳ 6ರಿಂದ 18 ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.

ಹೀಗೆ ಹಕ್ಕುಗಳ ಪಟ್ಟಿ ದೊಡ್ಡದು. ಆದರೆ ಹಕ್ಕು ತಾನಾಗಿ ಮಗುವಿನ ಬಾಯಿಗೆ ಅನ್ನ ಇಡುವುದಿಲ್ಲ. ಆ ಹಕ್ಕಿನ ಕೊನೆಯಲ್ಲಿ ಒಬ್ಬ ಮನುಷ್ಯ ಇರಬೇಕು: ಶಿಕ್ಷಕಿ, ಮಾತು ಕಲಿಸುವವರು, ಆಯಾ, ರಾತ್ರಿ ಎದ್ದು ನೋಡುವವರು. ಆ ಮನುಷ್ಯನ ಪಾಡು ಏನು?

ಹೆಚ್ಚಿನ ಶಾಲೆಗಳನ್ನೂ ಹಗಲು ಕೇಂದ್ರಗಳನ್ನೂ ನಡೆಸುವವರು ಸೇವಾ ಸಂಸ್ಥೆಗಳು. ಕೇಂದ್ರ ಸರ್ಕಾರದ ದೀನದಯಾಳ್ ಪುನರ್ವಸತಿ ಯೋಜನೆಯಲ್ಲಿ ಅವಕ್ಕೆ ಸಹಾಯಧನವುಂಟು. ಅರ್ಜಿಗೆ ಜಿಲ್ಲೆಯ ತಪಾಸಣೆಯಾಗಬೇಕು, ರಾಜ್ಯದ ಶಿಫಾರಸಾಗಬೇಕು, ಆಮೇಲೆ ಕೇಂದ್ರದ ಮಂಜೂರಾತಿ. ಖರ್ಚಿನಲ್ಲಿ ಒಂದು ಪಾಲು ಸಂಸ್ಥೆಯೇ ಹೊಂದಿಸಬೇಕು. ಶಿಕ್ಷಕರಿಗೆ ಅದರಲ್ಲಿ ಸಿಗುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ನಾವು ಕಂಡ ಶಾಲೆಯಲ್ಲಿ ಆ ಹಣ ಬರುವುದು ತಡವಾಗಿ, ಅಲ್ಲಿಯವರೆಗೆ ಗೌರವವೂ ಇಲ್ಲ, ಧನವೂ ಇಲ್ಲ ಎಂಬಂತಾಗಿತ್ತು. ಎರಡು ವರ್ಷ ಓದಿ ಡಿಪ್ಲೊಮಾ ಪಡೆದು, ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಹೆಣ್ಣುಮಗಳು ತಿಂಗಳುಗಟ್ಟಲೆ ಕೈ ಕಾಲಿ ಮಾಡಿಕೊಂಡು ದುಡಿಯಬಲ್ಲಳೇ? ಅವಳಿಗೂ ಖೋಲಿಯ ಬಾಡಿಗೆ ಇದೆ, ಲೋಕಲ್ ಗಾಡಿಯ ಪಾಸು ಇದೆ.

ಇಲ್ಲಿ ಸರ್ಕಾರದ ಮಾತನ್ನೂ ಕೇಳುವುದು ನ್ಯಾಯ. ನೋಂದಣಿ ಇಲ್ಲದೆ ಯಾರೂ ಇಂತಹ ಸಂಸ್ಥೆ ನಡೆಸಕೂಡದೆಂದು 2016ರ ಕಾಯಿದೆ ಹೇಳುತ್ತದೆ. ಯೋಜನೆಗಳ ಸಾಮಾಜಿಕ ಲೆಕ್ಕತಪಾಸಣೆಗೂ ಅವಕಾಶ ಮಾಡಿದೆ. ಇದು ಸರಿಯೇ. ಬಾಯಿ ಬಿಟ್ಟು ದೂರು ಹೇಳಲಾರದ ಮಕ್ಕಳ ಹೆಸರಿನಲ್ಲಿ ಹಣ ತಿನ್ನುವವರೂ, ಕೂಡಿಹಾಕಿ ಹೊಡೆಯುವವರೂ ಲೋಕದಲ್ಲಿ ಇದ್ದಾರೆ. ತಪಾಸಣೆ ಬೇಕು. ಆದರೆ ಲೆಕ್ಕ ಕೇಳುವ ಕೈ ಎಷ್ಟು ಚುರುಕೋ, ಕೊಡುವ ಕೈಯೂ ಅಷ್ಟೇ ಚುರುಕಾಗಿರಬೇಕು. ಹಸುವಿಗೆ ಹುಲ್ಲು ಹಾಕದೆ ಹಾಲಿನ ಲೆಕ್ಕ ಕೇಳಿದರೆ ಏನು ಬಂತು?

ಸಾಮಾನ್ಯ ಶಾಲೆಗಳ ವಿಷಯದಲ್ಲಿ ಒಂದು ಬೆಳಕು ಕಂಡಿದೆ. ವಿಶೇಷ ಶಿಕ್ಷಕರ ಖಾಯಂ ಹುದ್ದೆಗಳನ್ನು ಮಾಡಬೇಕೆಂದು ಸುಪ್ರೀಂ ಕೋರ್ಟು 2021ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರಮಾಣವನ್ನೂ ಗೊತ್ತುಮಾಡಿತು: ಇಂತಹ ಮಕ್ಕಳು ಪ್ರಾಥಮಿಕ ತರಗತಿಗಳಲ್ಲಿ 10 ಮಂದಿಗೆ ಒಬ್ಬ ಶಿಕ್ಷಕ, ಅದಕ್ಕೆ ಮೇಲ್ಪಟ್ಟು 15 ಮಂದಿಗೆ ಒಬ್ಬ. ಇದು ಕಾಗದದಿಂದ ತರಗತಿಗೆ ಇಳಿಯಬೇಕು. ಆದರೆ ಖಾಯಂ ಹುದ್ದೆ ಅಲ್ಲಿ ತೆರೆದಷ್ಟೂ, ಗೌರವಧನದ ಮೇಲೆ ನಿಂತ ಸಣ್ಣ ಶಾಲೆಗಳಿಂದ ಶಿಕ್ಷಕರು ಬಿಟ್ಟುಹೋಗುವರು. ಅವರನ್ನು ದೂರಲಾಗದು. ಆದ್ದರಿಂದ ಇಲ್ಲಿಯ ವೇತನವನ್ನೂ ಜತೆಯಲ್ಲೇ ಏರಿಸದಿದ್ದರೆ ಒಂದು ಕಡೆಯ ಲಾಭ ಇನ್ನೊಂದು ಕಡೆಯ ನಷ್ಟವಾದೀತು.

ಇನ್ನು ನಮ್ಮ ಸ್ಥಿತಿ. ಊರಿನಲ್ಲಿದ್ದರೆ ಅಜ್ಜಿ, ದೊಡ್ಡಮ್ಮ, ಅತ್ತೆ, ನೆರೆಮನೆಯವರು ಹೇಗೋ ಸುಧಾರಿಸುತ್ತಿದ್ದರು. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಆ ನೆರವಿಲ್ಲ. ಕೆಲವರು ಮಗುವನ್ನು ಊರಿನಲ್ಲಿ ಮುದಿ ತಾಯಿಯ ಬಳಿ ಬಿಟ್ಟು ಬಂದಿದ್ದಾರೆ. ತಾಯಿ ತೀರಿಕೊಂಡ ಮೇಲೆ ಮುಂದೇನು ಎಂಬುದು ಅವರನ್ನು ರಾತ್ರಿ ಎಬ್ಬಿಸುವ ಪ್ರಶ್ನೆ. ಹಾಗಿರುವಾಗ ಇರುವ ಸೌಲಭ್ಯಗಳನ್ನಾದರೂ ತಿಳಿದಿರುವುದು ಮೇಲು. ಎಲ್ಲರೂ ಕಿವಿಗೊಟ್ಟು ಕೇಳಬೇಕು.

ಮೊದಲನೆಯದು, ಗುರುತಿನ ಚೀಟಿ. ವಾಸದ ಪುರಾವೆಯಲ್ಲಿರುವ ಜಿಲ್ಲೆಯಲ್ಲಿ, ಇಲ್ಲವೇ ಚಿಕಿತ್ಸೆ ನಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಜಿ ಕೊಡಬಹುದು. ಒಮ್ಮೆ ದೊರೆತರೆ ದೇಶದಲ್ಲೆಲ್ಲ ಸಲ್ಲುತ್ತದೆ. ರಾಜ್ಯ ಸರ್ಕಾರದ ಮಾಸಾಶನ ಮಾತ್ರ ಆಯಾ ರಾಜ್ಯದ ನಿವಾಸಿಗಳಿಗೆ. ಆದ್ದರಿಂದ ಮಗುವಿನ ಕಾಗದಪತ್ರ ಊರಿನದೋ ಇಲ್ಲಿಯದೋ ಎಂದು ಮೊದಲೇ ಯೋಚಿಸಿ ಒಂದೇ ಕಡೆ ಸರಿಯಾಗಿ ಇಡಬೇಕು.

ಎರಡನೆಯದು, ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು. ವಯಸ್ಸಿನ ಮಿತಿಯಿಲ್ಲ, ಮೊದಲು ವೈದ್ಯ ತಪಾಸಣೆಯೂ ಇಲ್ಲ. ಟ್ರಸ್ಟಿನಲ್ಲಿ ನೋಂದಾಯಿತವಾದ ಸಂಸ್ಥೆಯ ಮೂಲಕ ಸೇರಬಹುದು. ವರ್ಷ ವರ್ಷ ನವೀಕರಿಸಲು ಮರೆಯಬಾರದು.

ಮೂರನೆಯದು, ಪೋಷಕತ್ವ. ಮಗುವಿಗೆ 18 ತುಂಬಿದೊಡನೆ ಕಾನೂನಿನ ಕಣ್ಣಿನಲ್ಲಿ ತಂದೆತಾಯಿಗಳ ಸಹಜ ಪೋಷಕತ್ವ ಮುಗಿಯುತ್ತದೆ. ಬ್ಯಾಂಕಿನ ಖಾತೆಗೂ ಆಸ್ತಿಗೂ ತೊಡಕು ಬರುವುದು ಆಗ. ಜಿಲ್ಲಾಧಿಕಾರಿಯ ಮಟ್ಟದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಅಂಗವಿಕಲ ವ್ಯಕ್ತಿ, ಈ ಮೂವರಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟರೆ ಅದು ಪೋಷಕರನ್ನು ನೇಮಿಸುತ್ತದೆ. ಮಕ್ಕಳಿಗೂ ತಮ್ಮದೇ ಇಷ್ಟಾನಿಷ್ಟಗಳುಂಟು. ಅವನ್ನು ಕೇಳಿಯೇ ನಿರ್ಣಯ ಮಾಡಬೇಕೆಂಬುದು ಹೊಸ ಕಾಯಿದೆಯ ಆಶಯ.

ನಾಲ್ಕನೆಯದು, ದುಡಿಯುವವರಿಗೆ. ಇ.ಎಸ್.ಐ. ಇರುವ ಕಾರ್ಮಿಕನ ಸಂಪಾದನೆಯನ್ನೇ ಪೂರ್ತಿ ಅವಲಂಬಿಸಿದ ಇಂತಹ ಮಗು ದೊಡ್ಡದಾದರೂ ಕುಟುಂಬದ ಲೆಕ್ಕದಲ್ಲೇ ಇರುತ್ತದೆ. ಪ್ರಾವಿಡೆಂಟ್ ಫಂಡಿನ 1995ರ ಪಿಂಚಣಿ ಯೋಜನೆಯಲ್ಲಿ, ಸದಸ್ಯ ತೀರಿಕೊಂಡರೆ ಖಾಯಂ ಆಗಿ ಪೂರ್ಣ ವಿಕಲತೆಯುಳ್ಳ ಮಗುವಿಗೆ ವಯಸ್ಸಿನ ಎಲ್ಲೆಯಿಲ್ಲದೆ ಪಿಂಚಣಿ ಸಲ್ಲುತ್ತದೆ. ಕೇಂದ್ರ ಸರ್ಕಾರದ ಗುಮಾಸ್ತರಾದರೆ, ಇಂತಹ ಮಗುವನ್ನು ನೋಡಿಕೊಳ್ಳುವವರಿಗೆ ಸರದಿಯ ವರ್ಗಾವಣೆಯಿಂದ ವಿನಾಯಿತಿ ಕೇಳಲು 2014ರ ಜೂನ್ ತಿಂಗಳ ಆಜ್ಞೆಯುಂಟು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ 75 ಸಾವಿರ, ತೀವ್ರ ವಿಕಲತೆಯಾದರೆ 1 ಲಕ್ಷ 25 ಸಾವಿರ ರೂಪಾಯಿ ಕಳೆಯಬಹುದು.

ಐದನೆಯದು, ಊರಿಗೆ ಹೋಗುವ ರೈಲು. ಜತೆಗಾರರಿಲ್ಲದೆ ಪ್ರಯಾಣ ಮಾಡಲಾರದ ಬೌದ್ಧಿಕ ವಿಕಲರಿಗೆ ಎರಡನೆಯ ದರ್ಜೆ ಮತ್ತು ಸ್ಲೀಪರಿನಲ್ಲಿ ಶೇಕಡಾ 75 ರಿಯಾಯಿತಿ. ಜತೆಗೆ ಹೋಗುವ ಒಬ್ಬರಿಗೂ ಅಷ್ಟೇ.

ನಮ್ಮ ಆ ಸದಸ್ಯರಿಗೆ ಇದರಲ್ಲಿ ಗುರುತಿನ ಚೀಟಿಯೊಂದನ್ನು ಬಿಟ್ಟು ಯಾವುದೂ ತಿಳಿದಿರಲಿಲ್ಲ. ಅವರಿಗೆ ತಿಳಿಸುತ್ತಿದ್ದವರು ಶಾಲೆಯವರು. ಶಾಲೆಯವರಿಗೆ ಬಾಡಿಗೆ ಕಟ್ಟುವ ಚಿಂತೆಯಲ್ಲಿ ಪುರುಸೊತ್ತಿರಲಿಲ್ಲ. ನೋಡಿಕೊಳ್ಳುವವರು ಸೋತರೆ ಸೌಲಭ್ಯವೂ ದಾರಿಯಲ್ಲೇ ನಿಲ್ಲುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದ್ದರಿಂದ ಕಾರ್ಯಕಾರಿ ಸಮಿತಿ ಮೂರು ನಿರ್ಣಯಗಳನ್ನು ಮಾಡಿದೆ. ಒಂದು, ಪ್ರತಿ ಭಾನುವಾರ ಸಂಜೆ 4ರಿಂದ 6ರವರೆಗೆ ಈ ವಾಚನಾಲಯದಲ್ಲಿ ಒಂದು ಮೇಜು ಹಾಕುವುದು. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳ ನಮ್ಮ ಗುಮಾಸ್ತ ಬಂಧುಗಳು ಸರದಿಯಂತೆ ಕುಳಿತು, ಯಾವ ಭಾಷೆಯವರು ಬಂದರೂ ಅರ್ಜಿ ತುಂಬಿಕೊಡುವುದು. ಎರಡು, ಆ ಶಾಲೆಯ ಲೆಕ್ಕ ಬರೆಯುವ ಕೆಲಸವನ್ನು ನಮ್ಮಲ್ಲಿ ಲೆಕ್ಕ ಬಲ್ಲವರು ವಹಿಸಿಕೊಳ್ಳುವುದು. ಕಾಗದಪತ್ರದಲ್ಲಿ ಕೊರತೆಯಿದ್ದರೂ ಸಹಾಯಧನ ನಿಲ್ಲುತ್ತದೆ, ಅಷ್ಟನ್ನಾದರೂ ನಾವು ತಡೆಯಬಹುದು. ಮೂರು, ಶಿಕ್ಷಕರ ಗೌರವಧನ ತಿಂಗಳು ತಿಂಗಳು ಸಲ್ಲಬೇಕೆಂದು ನಮ್ಮ ಭಾಗದ ಲೋಕಸಭಾ ಸದಸ್ಯರಿಗೂ ಶಾಸಕರಿಗೂ ಸಹಿ ಹಾಕಿದ ಮನವಿ ಕೊಡುವುದು. ಮನವಿಯ ಪ್ರತಿ ಬಾಗಿಲ ಬಳಿ ಇದೆ; ಓದಿ ಒಪ್ಪಿಗೆಯಾದರೆ ಸಹಿ ಮಾಡಿರಿ.

ಇಷ್ಟರಿಂದ ಆ ಶಾಲೆ ಉಳಿದೀತೆಂದು ನಾವು ಮಾತು ಕೊಡಲಾರೆವು. ಇಂದಿಗೂ ಅದು ಅರ್ಧ ದಿನವೇ ನಡೆಯುತ್ತಿದೆ. ಆದರೆ ಒಂದು ಬದಲಾವಣೆ ನಮ್ಮ ಕೈಯಲ್ಲಿತ್ತು, ಅದನ್ನು ಮಾಡಿದ್ದೇವೆ. ಭಾನುವಾರದ ಆ ಎರಡು ಗಂಟೆ 'ಮೌನವಾಗಿರಿ' ಹಲಗೆಯನ್ನು ಗೋಡೆಯಿಂದ ಇಳಿಸಿ ಇಡುತ್ತೇವೆ. ಹೋದ ವಾರ ಹುಡುಗ ತಂದೆಯ ಜತೆ ಬಂದಿದ್ದ. ಓದಿ ಬಿಟ್ಟ ಪತ್ರಿಕೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿಟ್ಟ, ಶಾಲೆಯಲ್ಲಿ ಕಲಿತದ್ದಂತೆ. ನಡುವೆ ಒಂದು ಚಿತ್ರ ಕಂಡು ದನಿ ತೆಗೆದ. ಯಾರೂ ತಲೆಯೆತ್ತಿ ನೋಡಲಿಲ್ಲ. ಮುಂದೆಯೂ ಹಾಗೆಯೇ ಇರಲೆಂದು ಕೇಳಿಕೊಳ್ಳುತ್ತೇವೆ.