ಅಪ್ಪನ ಎದೆ ಉರಿ ಮತ್ತು ಒಂದು ನರ್ವ್ ಬ್ಲಾಕ್

ಹೌಜ್ ಖಾಸ್‌ನಿಂದ ಮಾತಾಡ್ತಿದ್ದೀನಿ. ತುಮಕೂರಲ್ಲಿ ಅಪ್ಪನಿಗೆ ಸರ್ಪಸುತ್ತು ಆದಾಗ ಫೋನಲ್ಲಿ “ಏನಿಲ್ಲ ಕಣಪ್ಪ” ಅಂದಿದ್ರು. ನಾನೂ ನಂಬಿಬಿಟ್ಟೆ.

ಗುಳ್ಳೆ ಒಣಗಿ 4 ತಿಂಗಳಾದ್ರೂ ಎದೆಯ ಪಕ್ಕದಲ್ಲಿ ಉರಿ. ಅಂಗಿ ತಾಗಿದ್ರೂ ತಡೆಯೋಕಾಗ್ತಿರಲಿಲ್ಲ. ಇಲ್ಲಿಗೆ ಕರ್ಕೊಂಡು ಬಂದು, ಮೊದಲು ಹೃದಯದ ತೊಂದರೆಯಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ.

ಪ್ರತಿ ಪಕ್ಕೆಲುಬಿನ ಕೆಳ ಅಂಚಲ್ಲಿ ಒಂದು ನರ ಹಾದುಹೋಗುತ್ತೆ. ಡಾಕ್ಟರು ಅಲ್ಟ್ರಾಸೌಂಡಲ್ಲಿ ನೋಡ್ತಾ ಅದರ ಸುತ್ತ ಮರಗಟ್ಟಿಸುವ ಔಷಧಿ, ಜೊತೆಗೆ ಸ್ಟಿರಾಯ್ಡ್ ಹಾಕಿದ್ರು. ಇದೇ ನರ್ವ್ ಬ್ಲಾಕ್. ಶ್ವಾಸಕೋಶ ಅಲ್ಲೇ ಒಳಗಿರುತ್ತೆ; ಆಮೇಲೆ ಉಸಿರು ಕಟ್ಟಿದ್ರೆ ತಕ್ಷಣ ಎಮರ್ಜೆನ್ಸಿಗೆ ಹೋಗಬೇಕು.

ನೋವು ಪೂರ್ತಿ ಹೋಗಲಿಲ್ಲ. ಆದರೆ ಆ ರಾತ್ರಿ ಅಪ್ಪ ನಿದ್ದೆ ಮಾಡಿದ್ರು.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರುವಾಗಬೇಕಿತ್ತಂತೆ. ಅದಕ್ಕೇ ಹೇಳ್ತೀನಿ: ಊರಿಂದ “ಏನಿಲ್ಲ” ಅಂದ್ರೆ, ವಿಡಿಯೋ ಕಾಲ್ ಮಾಡಿ ಕಣ್ಣಾರೆ ನೋಡಿಬಿಡಿ.