211 ದಿನದ ಸ್ಟ್ರೀಕ್ ಮತ್ತು 6,000 ರೂಪಾಯಿ

ಈ ಎಪಿಸೋಡ್ ಮಾಡೋದೋ ಬೇಡವೋ ಅಂತ ಎರಡು ತಿಂಗಳು ಯೋಚನೆ ಮಾಡಿದ್ದೀನಿ. ಸ್ಕ್ರಿಪ್ಟ್ ಬರೆದು ಡಿಲೀಟ್ ಮಾಡಿದ್ದೂ ಇದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೋದ ತಿಂಗಳು ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು. "ದಿನಾ ಬೈಬಲ್ ಓದ್ತೀನಿ ಬ್ರೋ, ಆದ್ರೆ ಏನೂ ಬದಲಾಗ್ತಿಲ್ಲ. ನನ್ನ ನಂಬಿಕೆ ನಿಜವೋ, ಬರೀ ಅಭ್ಯಾಸವೋ ಗೊತ್ತಾಗ್ತಿಲ್ಲ." ಅವರಿಗೆ ಎರಡು ಸಾಲಿನ ಉತ್ತರ ಕಳಿಸಿದೆ. ಪೂರ್ತಿ ಉತ್ತರ ಕೊಡೋ ಧೈರ್ಯ ಆಗ ಇರ್ಲಿಲ್ಲ. ಇವತ್ತು ಕೊಡ್ತೀನಿ. ನೀವು ಕ್ರೈಸ್ತರಲ್ಲದೇ ಇದ್ರೂ ಕೇಳಿ. ದಿನಾ ಒಂದು ಒಳ್ಳೆ ಕೆಲಸ ಮಾಡ್ತಾ, ಅದರ ನೆರಳಲ್ಲೇ ಒಂದು ಕೆಟ್ಟ ಕೆಲಸ ಮುಚ್ಚಿಡೋದು ಯಾವ ಧರ್ಮಕ್ಕೂ ಹೊಸದಲ್ಲ.

ನಾನು ಬಿ.ಕಾಂ. ಮಾಡಿದವನು. ಅದಕ್ಕೇ ನಮ್ಮ ಚರ್ಚಿನ ಯುವಕರ ಸಂಘದಲ್ಲಿ ಖಜಾಂಚಿ ಯಾರು ಅಂತ ಕೇಳಿದಾಗ ಎಲ್ಲರೂ ನನ್ನ ಕಡೆ ತಿರುಗಿದ್ರು. ದೊಡ್ಡ ಹಣ ಏನಲ್ಲ. ತಿಂಗಳಿಗೆ ತಲಾ ನೂರು ರೂಪಾಯಿ. ಕ್ರಿಸ್ಮಸ್ ಕಾರ್ಯಕ್ರಮಕ್ಕೆ, ಯಾರಿಗಾದ್ರೂ ಫೀಸಿಗೆ ಕಷ್ಟ ಆದ್ರೆ ಅದಕ್ಕೆ. ಎಲ್ಲರೂ ನನ್ನ ನಂಬರಿಗೇ ಯುಪಿಐ ಮಾಡ್ತಿದ್ರು. ಅಂದ್ರೆ ಸಂಘದ ದುಡ್ಡು, ನನ್ನ ಸಂಬಳ ಎರಡೂ ಒಂದೇ ಖಾತೆಯಲ್ಲಿ. ಅಕೌಂಟ್ಸ್ ಓದಿದವನಿಗೆ ಇದು ತಪ್ಪು ಅಂತ ಮೊದಲ ಸೆಮಿಸ್ಟರಲ್ಲೇ ಗೊತ್ತಿರಬೇಕು. ಗೊತ್ತಿತ್ತು ಕೂಡ.

ಒಂದು ತಿಂಗಳು ಫೋನ್ ಡಿಸ್‌ಪ್ಲೇ ಒಡೀತು, ಬಾಡಿಗೆ ಬೇರೆ ಕಟ್ಟಬೇಕಿತ್ತು. ಸಂಘದ ದುಡ್ಡಲ್ಲಿ 6,000 ತಗೊಂಡೆ. ಸಂಬಳ ಬಂದ ತಕ್ಷಣ ವಾಪಸ್ ಹಾಕೋಣ ಅಂತ. ಸಂಬಳ ಬಂತು, ಹಾಕ್ಲಿಲ್ಲ. ಯಾರೂ ಲೆಕ್ಕ ಕೇಳ್ಲಿಲ್ಲ. ಅಷ್ಟರಲ್ಲಿ ಸಂಘದಲ್ಲಿದ್ದ ಒಬ್ಬ ಹುಡುಗ, ಡಿಗ್ರಿ ಎರಡನೇ ವರ್ಷ, ಬಂದು ಪರೀಕ್ಷೆ ಫೀಸಿಗೆ 2,500 ಬೇಕಿತ್ತಣ್ಣ ಅಂದ. "ಫಂಡಲ್ಲಿ ಅಷ್ಟಿಲ್ಲ ಕಣೋ, ಮುಂದಿನ ತಿಂಗಳು ನೋಡೋಣ" ಅಂದೆ. ಅವನು "ಸರಿ ಅಣ್ಣ" ಅಂತ ಹೋದ. ಬೇರೆ ಯಾರ ಹತ್ರಾನೋ ಸಾಲ ಮಾಡಿ ಕಟ್ಟಿದನಂತೆ.

ಇಷ್ಟೆಲ್ಲ ಆಗ್ತಿದ್ದಾಗ ನನ್ನ ಬೈಬಲ್ ಆ್ಯಪ್‌ನಲ್ಲಿ ಸ್ಟ್ರೀಕ್ ಓಡ್ತಾನೇ ಇತ್ತು. ಅವನಿಗೆ ಸುಳ್ಳು ಹೇಳಿದ ದಿನಾನೂ ರಾತ್ರಿ ಮಲಗೋ ಮುಂಚೆ ಆ ದಿನದ ಭಾಗ ಓದಿ ಟಿಕ್ ಮಾಡಿದ್ದೆ. ಅದನ್ನ ಆಮೇಲೆ ಹಿಂದಕ್ಕೆ ಹೋಗಿ ನೋಡಿದೆ. ಹಸಿರು ಟಿಕ್ ಹಾಗೇ ಕೂತಿತ್ತು.

ಓದ್ತಿದ್ದೆನಾ ಅಂತ ಕೇಳಿದ್ರೆ, ಹೌದು, ಓದ್ತಿದ್ದೆ. ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. (ಕ್ಯಾಥೊಲಿಕರ ಬೈಬಲ್‌ನಲ್ಲಿ 73 ಪುಸ್ತಕ, ನಾನು ಪ್ರಾಟೆಸ್ಟಂಟರ ಲೆಕ್ಕ ಹೇಳ್ತಿದ್ದೀನಿ.) ವರ್ಷಕ್ಕೆ ಮುಗಿಸಬೇಕು ಅಂದ್ರೆ ದಿನಕ್ಕೆ ಮೂರು ಅಧ್ಯಾಯಕ್ಕಿಂತ ಸ್ವಲ್ಪ ಜಾಸ್ತಿ. ಮೆಟ್ರೋದಲ್ಲಿ ಇಪ್ಪತ್ತು ನಿಮಿಷ ಸಾಕು. ಯಾಜಕಕಾಂಡ ಬಂದಾಗ ಆಡಿಯೋ ಹಾಕಿ 2ಎಕ್ಸ್ ಸ್ಪೀಡಲ್ಲಿ ಮುಗಿಸಿದ್ದೆ. ಬಲಿ, ಕೊಬ್ಬು, ಕುಷ್ಠ, ಬೂಷ್ಟು... ನಮಗೂ ಇದಕ್ಕೂ ಏನ್ ಸಂಬಂಧ ಅಂತ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

210ನೇ ದಿನಕ್ಕೆ ಲೂಕನ ಸುವಾರ್ತೆ 18ನೇ ಅಧ್ಯಾಯ ಇತ್ತು. ಓದಿದೆ, ಟಿಕ್. ಮಾರನೇ ದಿನ 19. ಆ ದಿನ ನಾನು ಬೆಟಗೇರಿಯಲ್ಲಿ ಅಜ್ಜಿ ಮನೇಲಿದ್ದೆ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಸ್ವಲ್ಪ ದಿನ ಓದಬಾರದು ಅಂತ ಡಾಕ್ಟರ್ ಹೇಳಿದ್ರಿಂದ ದಿನಾ ಸಂಜೆ ಯಾರಾದ್ರೂ ಓದಿ ಹೇಳಬೇಕಿತ್ತು. "ನಾನೂ ಹೇಗಿದ್ರೂ ಓದಬೇಕಲ್ಲ, ಎರಡೂ ಒಂದೇ ಸಲ ಆಯ್ತು" ಅಂತ ಅವರ ಸತ್ಯವೇದ ತಗೊಂಡು ಶುರು ಮಾಡಿದೆ. ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಬುಕ್‌ಮಾರ್ಕುಗಳು ಅದರ ತುಂಬಾ.

ಎರಡು ಸಾಲು ಆಗಿತ್ತೋ ಇಲ್ವೋ. "ಅದನ್ಯಾಕ ಹಂಗ ಓಡಸಾಕತ್ತಿ ತಮ್ಮಾ, ಬಸ್ ತಪ್ಪತೈತೇನ?" ಅಂದ್ರು ಅಜ್ಜಿ. ಆಮೇಲೆ, "ಹಿಂದಿನ ಅಧ್ಯಾಯದಿಂದ ಓದು. ಅದನ್ನ ಬಿಟ್ರ ಇದು ತಿಳಿಯಂಗಿಲ್ಲ."

ನನಗೆ ಸಿಟ್ಟು ಬಂತು, ನಿನ್ನೆ ತಾನೇ ಮುಗಿಸಿದ್ದೆ. ಆದ್ರೂ ಓದಿದೆ. ಜೋರಾಗಿ, ನಿಧಾನವಾಗಿ.

18ರಲ್ಲಿ ಯೇಸು ಹೇಳೋ ಒಂದು ಕಥೆ ಇದೆ. ದೇವಾಲಯಕ್ಕೆ ಇಬ್ಬರು ಪ್ರಾರ್ಥನೆ ಮಾಡೋಕೆ ಹೋಗ್ತಾರೆ. ಒಬ್ಬ ಫರಿಸಾಯ, ಧರ್ಮದ ನಿಯಮ ಚಾಚೂ ತಪ್ಪದೆ ಪಾಲಿಸೋನು. ಇನ್ನೊಬ್ಬ ಸುಂಕ ವಸೂಲಿ ಮಾಡೋನು, ಊರೆಲ್ಲ ದ್ವೇಷಿಸೋ ಮನುಷ್ಯ. ಫರಿಸಾಯ ದೇವರ ಮುಂದೆ ನಿಂತು ವಾರಕ್ಕೆ ಎರಡು ಸಲ ಉಪವಾಸ ಮಾಡ್ತೀನಿ, ಆದಾಯದಲ್ಲಿ ಹತ್ತನೇ ಒಂದು ಪಾಲು ಕೊಡ್ತೀನಿ ಅಂತ ಪಟ್ಟಿ ಒಪ್ಪಿಸ್ತಾನೆ. ಸುಂಕದವನು ದೂರ ನಿಂತು ಎದೆ ಬಡ್ಕೊಂಡು ಕರುಣೆ ಕೇಳ್ತಾನೆ, ಅಷ್ಟೇ. ದೇವರ ಲೆಕ್ಕದಲ್ಲಿ ನೀತಿವಂತ ಅನಿಸ್ಕೊಂಡು ಮನೆಗೆ ಹೋದವನು ಸುಂಕದವನು ಅಂತಾರೆ ಯೇಸು. ಸಂಡೇ ಸ್ಕೂಲಿಂದ ನೂರು ಸಲ ಕೇಳಿದ ಕಥೆ. ಆದ್ರೆ ಆ ಸಂಜೆ ನನ್ನ ಬಾಯಲ್ಲೇ ನನ್ನ ಕಿವಿಗೆ ಬಿದ್ದಾಗ, ಫರಿಸಾಯ ಹೇಳ್ತಾ ಇರೋದು ಅವನ ಸ್ಟ್ರೀಕ್ ಅಂತ ಹೊಳೀತು. ಅವನು ಸುಳ್ಳು ಹೇಳ್ತಿಲ್ಲ ನೋಡಿ. ಉಪವಾಸ ನಿಜಕ್ಕೂ ಮಾಡಿದ್ದಾನೆ. ನಾನೂ 210 ದಿನ ನಿಜಕ್ಕೂ ಓದಿದ್ದೆ.

ಸ್ವಲ್ಪ ಮುಂದೆ ಒಬ್ಬ ಶ್ರೀಮಂತ ಅಧಿಕಾರಿ ಬರ್ತಾನೆ. ಎಲ್ಲ ಮಾರಿ ಬಡವರಿಗೆ ಕೊಟ್ಟು ಬಾ ಅಂದಾಗ ಅವನಿಗೆ ದುಃಖ ಆಗುತ್ತೆ. ಹಾಗಾದ್ರೆ ಯಾರಿಗೆ ರಕ್ಷಣೆ ಸಿಗುತ್ತೆ ಅಂತ ಕೇಳಿದವರೇ ಕೇಳ್ತಾರೆ. ಮನುಷ್ಯರಿಂದ ಆಗದ್ದು ದೇವರಿಂದ ಆಗುತ್ತೆ ಅಂತ ಉತ್ತರ. 19 ಶುರುವಾದ್ರೆ ಯೆರಿಕೋ ಊರು, ಜಕ್ಕಾಯ. ಸುಂಕದವರಿಗೆಲ್ಲ ಮುಖ್ಯಸ್ಥ, ಶ್ರೀಮಂತ, ಕುಳ್ಳ. ಯೇಸುವನ್ನ ನೋಡೋಕೆ ಮರ ಹತ್ತಿ ಕೂತವನು. ಅಂದ್ರೆ ಹಿಂದಿನ ಅಧ್ಯಾಯದ ಸುಂಕದವನು, ಶ್ರೀಮಂತ, ಇಬ್ಬರೂ ಸೇರಿ ಒಬ್ಬನೇ ಆಗಿ ಬಂದ ಹಾಗೆ! ಅಲ್ಲಿ ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಇದೆ. ಈ ಅಧ್ಯಾಯಗಳ ಗಡಿ ಲೂಕ ಹಾಕಿದ್ದಲ್ಲ. ಈಗ ನಾವು ಬಳಸೋ ಅಧ್ಯಾಯ ವಿಭಾಗ ಬಂದಿದ್ದು 13ನೇ ಶತಮಾನದಲ್ಲಿ, ಸ್ಟೀಫನ್ ಲ್ಯಾಂಗ್ಟನ್ ಅನ್ನೋ ಇಂಗ್ಲೆಂಡಿನ ಧರ್ಮಗುರುವಿನಿಂದ ಅಂತ ಹೇಳ್ತಾರೆ. ನನ್ನ ಪ್ಲಾನ್ ಆ ಗಡಿಯಲ್ಲೇ ಕಥೆ ಕತ್ತರಿಸಿ ಎರಡು ದಿನಕ್ಕೆ ಹಂಚಿತ್ತು. ಅಜ್ಜಿಗೆ ಲ್ಯಾಂಗ್ಟನ್ ಗೊತ್ತಿಲ್ಲ, ಆದ್ರೆ ಕಥೆ ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಿತ್ತು.

ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕು ಪಟ್ಟು ವಾಪಸ್ ಅಂತಾನೆ. ಅಲ್ಲಿಗೆ ಅಜ್ಜಿ ಕೈ ಎತ್ತಿ ನಿಲ್ಲಿಸಿದ್ರು.

"ನೀ ಲೆಕ್ಕ ಕಲ್ತಾಂವ. ನಾಕ್ ಪಟ್ಟ ಅಂದ್ರ ನೂರಕ್ಕ ಎಷ್ಟಾತು?"

"ನಾನೂರು, ಅಜ್ಜಿ."

ಬಾಯಿ ನಾನೂರು ಅಂತು. ತಲೆಯಲ್ಲಿ ಬಂದ ಅಂಕಿ 24,000. ಅಜ್ಜಿಗೆ ಏನೂ ಗೊತ್ತಿರ್ಲಿಲ್ಲ. ಅವರು ಸುಮ್ಮನೆ ಕೇಳಿದ್ದು. "ಭಾಳ ಆತು ಬಿಡು" ಅಂತ ನಕ್ಕು, ಚಹಾ ಇಡು ಅಂದ್ರು. ನಾನು ಅಡುಗೆಮನೆಗೆ ಹೋಗಿ ಸ್ಟೋವ್ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಇಲ್ಲಿ ಒಂದು ಮಾತು ಸೇರಿಸ್ತೀನಿ. ಕೀರ್ತನೆಗಳ ಪುಸ್ತಕದ ಮೊದಲನೇ ಕೀರ್ತನೆಯಲ್ಲಿ ಹಗಲು ರಾತ್ರಿ ಧ್ಯಾನ ಮಾಡೋನ ವಿಷಯ ಬರುತ್ತಲ್ಲ, ಅಲ್ಲಿ ಹೀಬ್ರೂ ಭಾಷೆಯ ಪದ "ಹಾಗಾ". ಕಣ್ಣು ಮುಚ್ಚಿ ಮೌನವಾಗಿ ಕೂರೋದು ಅದರ ಅರ್ಥ ಅಲ್ಲ, ಬಾಯಲ್ಲಿ ಗುಣುಗುಟ್ಟೋದು. ಯೆಶಾಯನ ಪುಸ್ತಕದಲ್ಲಿ ಬೇಟೆ ಹಿಡಿದ ಸಿಂಹ ಗುರುಗುಟ್ಟೋದಕ್ಕೂ, ಪಾರಿವಾಳ ನರಳೋದಕ್ಕೂ ಇದೇ ಪದ. ಅಜ್ಜಿ ಓದುವಾಗ ತುಟಿ ಅಲ್ಲಾಡಿಸ್ತಾ ಗೊಣಗ್ತಾರೆ ಅಂತ ಚಿಕ್ಕವನಿದ್ದಾಗ ನಾವೆಲ್ಲ ನಗ್ತಿದ್ವಿ. ಅವರು ಮಾಡ್ತಿದ್ದಿದ್ದೇ ಸರಿಯಾದ ಧ್ಯಾನ.

ಬೆಂಗಳೂರಿಗೆ ವಾಪಸ್ ಬಂದು ನಾಲ್ಕು ದಿನ ಸುಮ್ಮನಿದ್ದೆ. ಸ್ಟ್ರೀಕ್ ಕಟ್ ಆಯ್ತು. ಓದೋಕೆ ಭಯ ಆಗ್ತಿತ್ತು, ನಿಜವಾಗ್ಲೂ. ಐದನೇ ದಿನ ನಮ್ಮ ಸಭಾಪಾಲಕರ ಮನೆಗೆ ಹೋಗಿ ಎಲ್ಲ ಹೇಳಿದೆ. ಆಮೇಲೆ ಸ್ವಲ್ಪ ಜೋರಾಗೇ, "24,000 ಕೊಡ್ತೀನಿ ಪಾಸ್ಟರ್, ಜಕ್ಕಾಯನ ಹಾಗೆ" ಅಂದೆ.

ಅವರು, "ನಿನ್ನ ಹತ್ರ 24,000 ಇದೆಯೇನಪ್ಪ?" ಅಂದ್ರು.

ಇರ್ಲಿಲ್ಲ. ಸಾಲ ಮಾಡಬೇಕಿತ್ತು.

"ಯಾಜಕಕಾಂಡ 6 ತೆಗಿ" ಅಂದ್ರು. ಅದೇ, 2ಎಕ್ಸ್‌ನಲ್ಲಿ ಓಡಿಸಿದ ಪುಸ್ತಕ. ಅಲ್ಲಿ ಶುರುವಲ್ಲೇ ಇದೆ. ನಂಬಿ ಕೊಟ್ಟ ವಸ್ತುವಿನ ವಿಷಯದಲ್ಲಿ ಸುಳ್ಳು ಹೇಳಿದವನು, ಮೋಸ ಮಾಡಿದವನು ಅಸಲನ್ನ ಪೂರ್ತಿ ಕೊಡಬೇಕು, ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಅದೂ ಪ್ರಾಯಶ್ಚಿತ್ತದ ಬಲಿ ಕೊಡೋ ದಿನಾನೇ, ಯಾರದೋ ಅವರಿಗೇ. ನಾಲ್ಕು ಪಟ್ಟು ಅನ್ನೋದು ವಿಮೋಚನಕಾಂಡ 22ರಲ್ಲಿ ಬೇರೆ ಸಂದರ್ಭಕ್ಕಿದೆ. ಕುರಿ ಕದ್ದು, ಅದನ್ನ ಕೊಯ್ದು ಅಥವಾ ಮಾರಿ ಸಿಕ್ಕಿಬಿದ್ದವನಿಗೆ. ಜಕ್ಕಾಯ ತಾನಾಗಿ ಒಪ್ಕೊಂಡ್ರೂ ಕಳ್ಳನ ದರವನ್ನೇ ತನಗೆ ಹಾಕ್ಕೊಂಡ, ಅದು ಅವನ ಸಂತೋಷದಿಂದ ಬಂದ ಮಾತು. "ನಿನ್ನದು ಸಂತೋಷವಾ, ತೋರಿಕೆಯಾ ನೋಡ್ಕೋ. ಐದನೇ ಒಂದು ಪಾಲು ಸೇರಿಸಿ ಕೊಡು. ಆ ಹುಡುಗನ ಹತ್ರ ನೀನೇ ಹೋಗು" ಅಂದ್ರು.

6,000ಕ್ಕೆ ಐದನೇ ಒಂದು ಅಂದ್ರೆ 1,200. ಒಟ್ಟು 7,200. ನನಗೆ ಒಂಥರಾ ನಿರಾಶೆ ಆಯ್ತು. 24,000 ಕೊಟ್ಟಿದ್ರೆ ಒಳ್ಳೆ ಸಾಕ್ಷಿ ಕಥೆ ಆಗ್ತಿತ್ತು, ಪಾಡ್‌ಕಾಸ್ಟಿಗೂ ಚೆನ್ನಾಗಿರ್ತಿತ್ತು. ಹೀಗೆ ಯೋಚನೆ ಬಂದಿದ್ದೂ ನಿಜ, ಅದನ್ನೂ ಹೇಳಿಬಿಡ್ತೀನಿ. 7,200 ಕೈಗೆ ಎಟುಕೋ ದುಡ್ಡು. ಕಷ್ಟ ಇದ್ದಿದ್ದು ದುಡ್ಡಲ್ಲಿ ಅಲ್ಲ, ಸಂಘದ ಹದಿನಾಲ್ಕು ಜನರ ಮುಂದೆ ಎದ್ದು ನಿಲ್ಲೋದರಲ್ಲಿ.

ನಿಂತೆ. ಹೇಳಿದೆ. ಒಬ್ಬರು ಅತ್ತರು, ಒಬ್ಬರು ಎದ್ದು ಹೋದ್ರು, ಒಬ್ಬ ಅಕ್ಕ "ಸರಿ, ಮುಂದಿನ ತಿಂಗಳಿಂದ ಜಾಯಿಂಟ್ ಅಕೌಂಟ್ ಮಾಡೋಣ" ಅಂತ ಕೆಲಸದ ಮಾತಾಡಿದ್ರು. ಆ ಹುಡುಗ ಮಾತ್ರ ನೆಲ ನೋಡ್ತಾ ಕೂತಿದ್ದ. ಮೀಟಿಂಗ್ ಆದಮೇಲೆ ಹೋಗಿ ಕ್ಷಮೆ ಕೇಳಿದೆ. "ಪರ್ವಾಗಿಲ್ಲ ಅಣ್ಣ" ಅಂದ. ಪರವಾಗಿಲ್ಲ ಅನ್ನೋ ದನಿ ಅದಾಗಿರ್ಲಿಲ್ಲ.

ಹಾಗಾದ್ರೆ ರೀಡಿಂಗ್ ಪ್ಲಾನೇ ಬೇಡ್ವಾ ಅಂತ ಕೇಳ್ತೀರಿ. ಬೇಡ ಅಂತ ನಾನು ಹೇಳಲ್ಲ. ವರ್ಷದ ಓದಿನ ಪ್ಲಾನ್‌ಗಳಲ್ಲಿ ತುಂಬಾ ಹೆಸರಾದದ್ದು ಒಂದು 1842ರದ್ದು. ಸ್ಕಾಟ್ಲೆಂಡಿನ ಡಂಡೀ ಊರಿನ ಸಭಾಪಾಲಕ ರಾಬರ್ಟ್ ಮರೆ ಮೆಕ್‌ಚೇನ್ ತನ್ನ ಸಭೆಯವರಿಗೆ ಮಾಡಿಕೊಟ್ಟಿದ್ದು. ಹಳೆ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಮುಂದಿನ ವರ್ಷಾನೇ ಅವನು ತೀರಿಕೊಂಡ, ಆಗ ಅವನಿಗೆ 29 ವಯಸ್ಸು, ಹೆಚ್ಚುಕಡಿಮೆ ನನ್ನದೇ. ನನಗೆ ಆಶ್ಚರ್ಯ ಆಗಿದ್ದು ಏನಂದ್ರೆ, ಪ್ಲಾನ್ ಕೊಡುವಾಗ ಅದರ ಲಾಭಕ್ಕಿಂತ ಮುಂಚೆ ಅಪಾಯ ಹೇಳಿದ್ದಾನೆ. ಬರೀ ಆಚಾರ ಆಗಿಬಿಡಬಹುದು, ನಾನು ಓದಿದೆ ಅನ್ನೋ ಸ್ವನೀತಿ ಬರಬಹುದು, ಗಮನ ಇಲ್ಲದೆ ಓದಬಹುದು, ಕೆಲವರಿಗೆ ಹೊರೆ ಆಗಬಹುದು ಅಂತ. ನನ್ನ ಆ್ಯಪ್ ಇದ್ಯಾವುದನ್ನೂ ಹೇಳಿರ್ಲಿಲ್ಲ, ಹೇಳಿದ್ರೂ ನಾನು ಸ್ಕಿಪ್ ಒತ್ತಿರ್ತಿದ್ದೆ.

ಈಗ ನಾನು ಓದೋದು ಕಮ್ಮಿ. ಹತ್ತು ಹನ್ನೆರಡು ವಚನ, ಕನ್ನಡದಲ್ಲಿ, ಜೋರಾಗಿ. ರೂಮ್‌ಮೇಟ್ ಇದ್ರೆ ಟೆರೇಸಿಗೆ ಹೋಗ್ತೀನಿ. ಕಥೆ ಎಲ್ಲಿ ಶುರುವಾಗುತ್ತೋ ಅಲ್ಲಿಂದ, ಅಧ್ಯಾಯದ ನಂಬರ್ ನೋಡಲ್ಲ. ಆಮೇಲೆ ಒಂದು ನೋಟ್‌ಬುಕ್ಕಲ್ಲಿ ಒಂದೇ ಒಂದು ಸಾಲು: ಇವತ್ತು ಇದರಿಂದ ಯಾರ ಹತ್ರ ಹೋಗಬೇಕು, ಏನು ವಾಪಸ್ ಕೊಡಬೇಕು. ಎಷ್ಟೋ ದಿನ ಆ ಸಾಲು ಖಾಲಿ. ಸುಮ್ಮನೆ ತುಂಬಿಸೋಕೆ ಹೋಗಲ್ಲ. ಕೆಲವು ದಿನ ಓದಿದ್ದು ಒಣ ರೊಟ್ಟಿ ಥರ, ಜಗಿದು ನುಂಗಿ ಆಫೀಸಿಗೆ ಹೋಗ್ತೀನಿ. ವಾರಕ್ಕೊಂದು ಸಲ ಅಜ್ಜಿಗೆ ಫೋನ್ ಮಾಡಿ ಓದಿ ಹೇಳ್ತೀನಿ. ಅವರ ಕಣ್ಣು ಈಗ ಚೆನ್ನಾಗಿದೆ, ತಾವೇ ಓದ್ತಾರೆ, ಆದ್ರೂ ಕೇಳ್ತಾರೆ. ಈ ದುಡ್ಡಿನ ವಿಷಯ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. "ಊಟ ಮಾಡೀ ಇಲ್ಲೋ?" ಅಂದ್ರು.

ಮೆಸೇಜ್ ಮಾಡಿದ ಕೇಳುಗರಿಗೆ: ನಿಮ್ಮ ನಂಬಿಕೆ ನಿಜವೋ ಅಲ್ವೋ ನನಗೆ ಗೊತ್ತಿಲ್ಲ, ಗೊತ್ತಿರೋ ಹಾಗೆ ಮಾತಾಡೋದೂ ತಪ್ಪು. ನೀವು ಕೇಳಿದ್ರಲ್ಲ, ನಾನು 211 ದಿನ ಆ ಪ್ರಶ್ನೆ ಕೂಡ ಕೇಳ್ಕೊಂಡಿರ್ಲಿಲ್ಲ. ಲೂಕ 18ರ 9ನೇ ವಚನದಿಂದ 19ರ 10ರವರೆಗೆ ಒಂದೇ ಉಸಿರಿಗೆ, ಜೋರಾಗಿ ಓದಿ ನೋಡಿ. ಹತ್ತು ನಿಮಿಷಾನೂ ಆಗಲ್ಲ.

ಸಂಘಕ್ಕೆ ಈಗ ಹೊಸ ಖಜಾಂಚಿ ಬಂದಿದ್ದಾನೆ, ಅದೇ ಹುಡುಗ. ಪ್ರತಿ ತಿಂಗಳು ಒಂದನೇ ತಾರೀಕು ಬ್ಯಾಲೆನ್ಸಿನ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕ್ತಾನೆ, ಒಂದು ರೂಪಾಯಿ ಹೆಚ್ಚುಕಡಿಮೆ ಇರಲ್ಲ. ಎಲ್ಲರೂ ಥಂಬ್ಸ್ ಅಪ್ ಹಾಕ್ತಾರೆ, ನಾನೂ ಹಾಕ್ತೀನಿ. ನನ್ನ ಜೊತೆ ಅವನು ಇನ್ನೂ ಸರಿಯಾಗಿ ಮಾತಾಡಲ್ಲ. ಈ ಎಪಿಸೋಡ್ ಹಾಕೋ ಮುಂಚೆ ಅವನಿಗೆ ಕಳಿಸಿ, ನಿನ್ನ ವಿಷಯ ಬರುತ್ತೆ, ಹಾಕಲಾ ಅಂತ ಕೇಳಿದೆ. "ಹಾಕಿ ಅಣ್ಣ. 2,500 ಅಲ್ಲ, 2,650" ಅಂತ ರಿಪ್ಲೈ ಬಂತು.

ತಿದ್ಕೊಂಡಿದ್ದೀನಿ. ಮುಂದಿನ ವಾರ ಸಿಗೋಣ.